ಅತ್ತಿಮರದ ಕಬ್ಬೆಕ್ಕು

ಮುಂಬಯಿಯ ಕಾಡುಪ್ರಾಣಿ ಎಂದರೆ ಎಲ್ಲರಿಗೂ ನೆನಪಾಗುವುದು ಚಿರತೆ. ಸುಮಾರು 104 ಚದರ ಕಿಲೋಮೀಟರಿನ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿರುವವರಿಗೆ ಅದರ ಸುದ್ದಿ ಹೊಸದೇನಲ್ಲ. ಆದರೆ ಚಿರತೆಗಿಂತ ಹತ್ತಿರದಲ್ಲಿ, ನಮ್ಮ ತಾರಸಿಗಳ ಮೇಲೇ ಓಡಾಡುವ ಇನ್ನೊಂದು ನಿಶಾಚರಿ ಇದೆ. ಅದೇ ಕಬ್ಬೆಕ್ಕು, ಮರಾಠಿಯವರ ಉದ್‌ಮಾಂಜರ್. ಹೆಸರಿನಲ್ಲಿ ಬೆಕ್ಕಿದ್ದರೂ ಇದು ಬೆಕ್ಕಲ್ಲ, ಪುನುಗಿನ ಕುಟುಂಬಕ್ಕೆ ಸೇರಿದ್ದು.

ಅಮೆರಿಕದವರೊಂದಿಗೆ ಕಾಲ್ ಮುಗಿಸಿ ರಾತ್ರಿ ಎರಡಕ್ಕೆ ಮುಲುಂಡಿನ ನಮ್ಮ ಮನೆಯ ಬಾಲ್ಕನಿಗೆ ಬಂದಾಗ ನಾನು ಇದನ್ನು ನಾಲ್ಕೈದು ಸಲ ನೋಡಿದ್ದೇನೆ. ಬೂದು ಮೈ, ಬೆನ್ನ ಮೇಲೆ ಕಪ್ಪು ಪಟ್ಟೆ, ಕಣ್ಣಿನ ಸುತ್ತ ಮುಖವಾಡ ಹಾಕಿದಂಥ ಕಪ್ಪು, ಮೈಯಷ್ಟೇ ಉದ್ದದ ಬಾಲ. ಕೇಬಲ್ ತಂತಿ ಹಿಡಿದು ಅತ್ತಿಮರಕ್ಕೆ ದಾಟುತ್ತದೆ. ಮೊಬೈಲಿನ ಬೆಳಕು ಬಿದ್ದರೆ ಮಾಯ. ಇಲಿ, ಹುಳುಹುಪ್ಪಟೆ ತಿನ್ನುತ್ತದಾದರೂ ಹಣ್ಣೆಂದರೆ ಪ್ರಾಣ. ಬೀಜ ಜೀರ್ಣವಾಗದೆ ಹಾಗೇ ಹೊರಬರುವುದರಿಂದ, ತಿಂದ ಹಣ್ಣಿನ ಗಿಡವನ್ನು ಇನ್ನೆಲ್ಲೋ ನೆಟ್ಟು ಬರುವ ಮಾಲಿಯೂ ಹೌದು. ಊರಿನ ಮೂರ್ತೆದಾರರಿಗೆ ಇದು ಮಡಕೆಯ ಕಳ್ಳು ಕುಡಿಯುವ ಕಳ್ಳ. ಬಂಗಾಳಿಗಳು ಇದರ ಮೈಯ ಪರಿಮಳಕ್ಕೆ ಮೆಚ್ಚಿ ಗಂಧಗೋಕುಲ ಎನ್ನುತ್ತಾರೆ.

ಎರಡು ವರ್ಷದ ಹಿಂದೆ ಕೊನೆಯ ಮಹಡಿಯ ಆಜೋಬಾ ಮನೆಯ ಫಾಲ್ಸ್ ಸೀಲಿಂಗಿನಲ್ಲಿ ರಾತ್ರಿಯಿಡೀ ಗಡಗಡ ಸದ್ದು ಶುರುವಾಯಿತು. ಗೋಣಿಚೀಲ ಹಿಡಿದು ನಿಂತ ವಾಚ್‌ಮ್ಯಾನನ್ನು ತಡೆದು, ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿದೆವು. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಇದನ್ನು ನಾವೇ ಹಿಡಿಯುವುದು ಅಪರಾಧ. ಬಂದವರು ಟಾರ್ಚ್ ಬಿಟ್ಟು ನೋಡಿದರು. ಒಳಗೆ ಮೂರು ಮರಿಗಳಿದ್ದವು. ತಾಯಿಯನ್ನು ಮಾತ್ರ ಸಾಗಿಸಿದರೆ ಮರಿಗಳು ಹಸಿವಿನಿಂದ ಸಾಯುತ್ತವೆ, ಅವು ತಾವೇ ಓಡಾಡುವವರೆಗೆ ಕಾಯಿರಿ, ಆಮೇಲೆ ಗಂಡಿ ಮುಚ್ಚಿ ಎಂದರು.

ನಿದ್ದೆ ಕೆಡುವುದು ಆಜೋಬಾ ಅವರದ್ದು. ಎಲ್ಲರೂ ಅವರ ಮುಖ ನೋಡಿದೆವು. ಎಂಬತ್ತು ದಾಟಿದ ಮನುಷ್ಯ, "ಬಾಳಂತಿಯನ್ನು ಯಾರಾದರೂ ಮನೆಯಿಂದ ಹೊರಗೆ ಹಾಕುತ್ತಾರೇನು?" ಎಂದು ಮರಾಠಿಯಲ್ಲಿ ಕೇಳಿ, ಹಾಸಿಗೆಯನ್ನು ಹಾಲಿಗೆ ತಂದುಕೊಂಡರು. ಮರಿಗಳು ಹೋಗುವವರೆಗೂ ಅಲ್ಲೇ ಮಲಗಿದರು. ಗಂಡಿಗೆ ಜಾಲರಿ ಹಾಕಿಸಿದ್ದು ಆಮೇಲೆ.

ಈಗ ನಮ್ಮ ಕಟ್ಟಡ ರೀಡೆವಲಪ್‌ಮೆಂಟಿಗೆ ಹೋಗುತ್ತಿದೆ. ಕಡಿಯುವ ಮರಗಳ ಪಟ್ಟಿಯಲ್ಲಿ ಅತ್ತಿಯೂ ಇದೆ. ವರ್ಷದಲ್ಲಿ ಹಲವು ಸಲ ಕಾಯಿ ಬಿಡುವ ಮರ ಅದು. ಮಾವು ಹಲಸು ಇಲ್ಲದ ತಿಂಗಳಲ್ಲೂ ಕಬ್ಬೆಕ್ಕಿಗೆ, ಬಾವಲಿಗೆ ಊಟ. ಅದನ್ನು ಉಳಿಸಿ ನಕ್ಷೆ ಬದಲಿಸಿ ಎಂದು ಸೊಸೈಟಿಯ ಸಭೆಯಲ್ಲಿ ಬರೆದು ಕೊಟ್ಟಿದ್ದೇನೆ. ಮೊದಲು ಸಹಿ ಹಾಕಿದ್ದು ಆಜೋಬಾ. ಹಾಗೆ ಮಾಡಿದರೆ ಎರಡು ಕಾರ್ ಪಾರ್ಕಿಂಗ್ ಹೋಗುತ್ತದೆ, ಒಂದು ನಿಮ್ಮದೇ ಆಗಬಹುದು ಎಂದಿದ್ದಾರೆ ಆರ್ಕಿಟೆಕ್ಟ್. ಆಗಲಿ ಎಂದಿದ್ದೇನೆ. ಮನೆಯವಳ ಒಪ್ಪಿಗೆ ಇನ್ನೂ ಸಿಗಬೇಕಷ್ಟೆ.