ಯಾರೂ ಕೈ ಎತ್ತದ ದಿನ

ಮೊದಲೇ ಹೇಳಿಬಿಡ್ತೀವಿ, ನಮಗೆ ಬೇಸ್‌ಬಾಲ್ ಗೊತ್ತಿಲ್ಲ. ಹಾಸ್ಟೆಲ್ ರೂಮಿನ ನಾವು ಮೂವರೂ ಕ್ರಿಕೆಟ್ ಹುಚ್ಚರು. ಮೂರನೇ ಸೆಮ್ ರಿಸಲ್ಟ್ ಬಂದ ರಾತ್ರಿ ಇಬ್ಬರಿಗೆ ಮ್ಯಾಥ್ಸ್ ಬ್ಯಾಕ್ ಬಿದ್ದಿತ್ತು. ಯಾರಿಗೆ ಅಂತ ಕೇಳ್ಬೇಡಿ. ನಿದ್ದೆ ಬರದೆ ಮೊಬೈಲ್ ತಿರುವುತ್ತಿದ್ದಾಗ ಸಿಕ್ಕಿದ್ದು 2021ರ ಅಮೆರಿಕದ ಆಲ್-ಸ್ಟಾರ್ ಪಂದ್ಯದ ತುಣುಕು. ಮೈಕ್ ಹಾಕಿಕೊಂಡ ಪಿಚರ್ ಒಬ್ಬ ಚೆಂಡು ಎಸೆಯುತ್ತಾ ಲೈವ್ ಟಿವಿಯಲ್ಲೇ ಬೈಗುಳ ಉದುರಿಸುತ್ತಿದ್ದ. ಬಿದ್ದು ಬಿದ್ದು ನಕ್ಕೆವು. ಆಮೇಲೆ, ಯಾರಪ್ಪಾ ಇವನು ಅಂತ ಹುಡುಕಿದೆವು.

ಹೆಸರು ಲಿಯಾಮ್ ಹೆಂಡ್ರಿಕ್ಸ್. ಊರು ಆಸ್ಟ್ರೇಲಿಯಾದ ಪರ್ತ್. ಅಪ್ಪ ಅಲ್ಲಿನ ಫುಟ್‌ಬಾಲ್ ಆಟಗಾರ. ಮಗ 2007ರಲ್ಲಿ, ನಮಗಿಂತ ಚಿಕ್ಕ ವಯಸ್ಸಲ್ಲೇ, ಮಿನೆಸೋಟ ಟ್ವಿನ್ಸ್ ತಂಡಕ್ಕೆ ಸಹಿ ಹಾಕಿದ. 2011ರಲ್ಲಿ ಮೇಜರ್ ಲೀಗ್ ಸೇರಿದ. ಟ್ವಿನ್ಸ್ ಪರ ಮೂರು ಸೀಸನ್ನಲ್ಲಿ ಅವನ ಲೆಕ್ಕ: 2 ಗೆಲುವು, 13 ಸೋಲು. 2013ರ ಡಿಸೆಂಬರ್‌ನಲ್ಲಿ ಟ್ವಿನ್ಸ್ ಕೈಬಿಟ್ಟಿತು. ಕಬ್ಸ್ ಎತ್ತಿಕೊಂಡಿತು, ಅಲ್ಲಿಂದ ಓರಿಯೋಲ್ಸ್, ಅಲ್ಲಿಂದ ಬ್ಲೂ ಜೇಸ್. ಮೂರು ತಿಂಗಳೊಳಗೆ ಮೂರು ತಂಡ, ನಡುವೆ ಒಂದು ಪಂದ್ಯವನ್ನೂ ಆಡಲಿಲ್ಲ!

ನಮ್ಮನ್ನು ತಡೆದು ನಿಲ್ಲಿಸಿದ್ದು 2018ರ ಜೂನ್. ಆಗ ಅವನು ಓಕ್ಲೆಂಡ್ ಅಥ್ಲೆಟಿಕ್ಸ್‌ನಲ್ಲಿದ್ದ. ತಂಡ ಅವನನ್ನು ಪಟ್ಟಿಯಿಂದ ತೆಗೆಯಿತು. ಹಾಗೆ ತೆಗೆದಾಗ ಉಳಿದ 29 ತಂಡಗಳಲ್ಲಿ ಯಾರು ಬೇಕಾದರೂ, ಸಂಬಳ ಹೊತ್ತುಕೊಂಡು, ಆಟಗಾರನನ್ನು ಕರ್ಕೊಳ್ಳಬಹುದು. ಯಾರೂ ಕೈ ಎತ್ತಲಿಲ್ಲ. ಐಪಿಎಲ್ ಹರಾಜಿನಲ್ಲಿ ಅನ್‌ಸೋಲ್ಡ್ ಆದ ಹಾಗೆ. ಆಗ ಅವನಿಗೆ 29 ವರ್ಷ. ಕೆಳಗಿನ ದರ್ಜೆಯ ನ್ಯಾಶ್‌ವಿಲ್ ತಂಡಕ್ಕೆ ಹೋಗಿ ಆಡಿದ.

ಸಿನಿಮಾ ಆಗಿದ್ದರೆ ಇಲ್ಲಿಂದ ಒಂದು ಹಾಡಲ್ಲಿ ಗೆದ್ದುಬಿಡ್ತಿದ್ದ. ಹಾಗಾಗಲಿಲ್ಲ. ಸೆಪ್ಟೆಂಬರ್‌ನಲ್ಲಿ ಓಕ್ಲೆಂಡ್ ಮತ್ತೆ ಕರೆಯಿತು. ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ಯಾಂಕೀಸ್ ಎದುರು ಸೋತರೆ ಮನೆಗೆ ಅನ್ನೋ ಪಂದ್ಯ. ಮೊದಲು ಚೆಂಡು ಹಿಡಿದವನು ಇವನೇ. ಮೊದಲ ಇನಿಂಗ್ಸ್‌ನಲ್ಲೇ ಆರನ್ ಜಡ್ಜ್ ಎರಡು ರನ್ನಿನ ಹೋಮ್ ರನ್ ಬಾರಿಸಿದ. ಓಕ್ಲೆಂಡ್ 7-2ರಲ್ಲಿ ಸೋತಿತು.

ಮರು ವರ್ಷ, 2019ರಲ್ಲಿ, ಅದೇ ಕೈಯಿಂದ ಚೆಂಡು ಗಂಟೆಗೆ 96 ಮೈಲಿ ವೇಗದಲ್ಲಿ ಬರತೊಡಗಿತು. 25 ಸೇವ್. ನಮ್ಮ ಭಾಷೇಲಿ ಹೇಳೋದಾದ್ರೆ, ಡೆತ್ ಓವರ್‌ನಲ್ಲಿ ಬಂದು 25 ಪಂದ್ಯ ಉಳಿಸಿಕೊಟ್ಟ. 2021ರಲ್ಲಿ ಶಿಕಾಗೊ ವೈಟ್ ಸಾಕ್ಸ್ ಜೊತೆ 5.4 ಕೋಟಿ ಡಾಲರ್ ಒಪ್ಪಂದ, 38 ಸೇವ್. ಆ ವರ್ಷ ಅಮೆರಿಕನ್ ಲೀಗ್‌ನಲ್ಲಿ ಅದೇ ಹೆಚ್ಚು.

2023ರ ಜನವರಿಯಲ್ಲಿ ತನಗೆ ನಾನ್-ಹಾಡ್ಜ್‌ಕಿನ್ ಲಿಂಫೋಮಾ, ಅಂದರೆ ಕ್ಯಾನ್ಸರ್, ಅಂತ ತಿಳಿಸಿದ. ಕೀಮೋ ಮುಗಿಸಿ ಮೇ 29ಕ್ಕೆ ಮೈದಾನಕ್ಕೆ ಬಂದ. ಐದೇ ಪಂದ್ಯ, ಆಮೇಲೆ ಮೊಣಕೈಗೆ ಶಸ್ತ್ರಚಿಕಿತ್ಸೆ. 2025ರಲ್ಲಿ ಬಾಸ್ಟನ್ ರೆಡ್ ಸಾಕ್ಸ್ ಪರ ಮತ್ತೆ ಬಂದ.

ಎಲ್ಲರೂ ಹೇಳೋದು ಕ್ಯಾನ್ಸರ್ ಗೆದ್ದ ಕಥೆ. ಅದು ದೊಡ್ಡದೇ, ಇಲ್ಲ ಅನ್ನಲ್ಲ. ಆದರೆ ಆವತ್ತು ನಮ್ಮ ಮಾತು ಮತ್ತೆ ಮತ್ತೆ ಆ ಜೂನ್‌ಗೇ ಹೋಗುತ್ತಿತ್ತು. ಕಾಯಿಲೆ ಅಂದ್ರೆ ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ. "ನೀನು ಸಾಲಲ್ಲ" ಅನ್ನಿಸಿಕೊಂಡು ಮಾರನೇ ದಿನ ಪ್ರಾಕ್ಟೀಸ್‌ಗೆ ಹೋಗುವವನಿಗೆ ಯಾರು ತಟ್ಟುತ್ತಾರೆ? ನ್ಯಾಶ್‌ವಿಲ್‌ಗೆ ಹೋದಾಗ 2019 ಹೀಗಿರುತ್ತೆ ಅಂತ ಅವನಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದೇನೇ ಹೋದ.

ಬೆಳಿಗ್ಗೆ ಮನೆಗೆ ಫೋನ್ ಮಾಡಿದೆವು, ಸ್ಪೀಕರ್ ಹಾಕಿ, ಮೂವರೂ ಒಂದೇ ಮಂಚದ ಮೇಲೆ ಕೂತು. ಒಬ್ಬರ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮತ್ತೆ ಯಾವಾಗ ಬರೆಯೋದು?" ಅಂದ್ರು.

ಸೋಮವಾರ ಬ್ಯಾಕ್ ಪೇಪರ್ ಫೀಸ್ ಕಟ್ಟೋಕೆ ಹೋದ್ವಿ. ಬ್ಯಾಕ್ ಇದ್ದದ್ದು ಇಬ್ಬರಿಗೆ, ಕ್ಯೂನಲ್ಲಿ ನಿಂತಿದ್ದು ಮೂವರು.