'ಶ್ರೀ ಕೃಷ್ಣದೇವರಾಯ'ನನ್ನು ಮತ್ತೆ ತೆರೆಗೆ ತರಬೇಕೆ?

ಹೋದ ವಾರ ಬೆಂಗಳೂರಿನಿಂದ ಹಳೆಯ ವಿದ್ಯಾರ್ಥಿಯೊಬ್ಬ ಫೋನ್ ಮಾಡಿದ್ದ. ಕುಶಲೋಪರಿಯೆಲ್ಲ ಮುಗಿದ ಮೇಲೆ, "ಸರ್, ರಾಜ್‌ಕುಮಾರ್ ಅವರ 'ಶ್ರೀ ಕೃಷ್ಣದೇವರಾಯ' ಈಗಿನ ಗ್ರಾಫಿಕ್ಸ್ ಹಾಕಿ ಮತ್ತ ತೆಗದ್ರ ಹೆಂಗಿರ್ತದ್ರಿ? 'ಬಾಹುಬಲಿ'ಗಿಂತ ಜೋರ್ ಆಗ್ತದ" ಎಂದ. ನಾನು ಥಟ್ಟನೆ "ಬ್ಯಾಡಪ್ಪಾ" ಎಂದುಬಿಟ್ಟೆ. ಯಾಕೆಂದು ಕೇಳಿದ್ದಕ್ಕೆ ಉತ್ತರ ಹೊಳೆಯಲಿಲ್ಲ. ಮೂವತ್ತನಾಲ್ಕು ವರ್ಷ ಸಮಾಜ ವಿಜ್ಞಾನ ಬೋಧಿಸಿದವನಿಗೆ ಇದು ಭೂಷಣವಲ್ಲ. ಆದ್ದರಿಂದ ಕುಳಿತು ಬರೆಯುತ್ತಿದ್ದೇನೆ.

ಬಿ. ಆರ್. ಪಂತುಲು ನಿರ್ದೇಶಿಸಿದ ಆ ಚಿತ್ರ ತೆರೆ ಕಂಡದ್ದು 1970ರಲ್ಲಿ. ನಮ್ಮ ಗಿಲ್ಲೆಸುಗೂರಿನ ಕಡೆಯ ಟೂರಿಂಗ್ ಟಾಕೀಸಿಗೆ ಅದು ಬರುವ ಹೊತ್ತಿಗೆ ಎರಡು ವರ್ಷ ಕಳೆದಿದ್ದವು. ನನಗಾಗ ಹನ್ನೆರಡರ ವಯಸ್ಸು. ನೆಲದ ಟಿಕೀಟು. ಎಡಕ್ಕೆ ಅವ್ವ, ಬಲಕ್ಕೆ ಅಪ್ಪ ಮತ್ತು ದೊಡ್ಡಪ್ಪ. ರೀಲು ತುಂಡಾದಾಗಲೆಲ್ಲ ಶಿಳ್ಳೆ, ಕೂಗಾಟ. ಆದರೆ ರಾಯನ ವೇಷದ ರಾಜ್‌ಕುಮಾರ್ ತೆರೆಯ ಮೇಲೆ ನಡೆದು ಬಂದಾಗ ಟೆಂಟಿನೊಳಗೆ ಸೂಜಿ ಬಿದ್ದರೂ ಕೇಳುವಷ್ಟು ಮೌನ!

ಅಪ್ಪನಿಗೆ ಅದು ಹೊಸ ಕಥೆಯೇನೂ ಆಗಿರಲಿಲ್ಲ. ನಮ್ಮದು ಗಡಿ ಸೀಮೆ. ಸುತ್ತಲೂ ಆಂಧ್ರದಿಂದ ಬಂದ ರೈತರ ಕ್ಯಾಂಪುಗಳು. 1962ರ ತೆಲುಗು ಚಿತ್ರ 'ಮಹಾಮಂತ್ರಿ ತಿಮ್ಮರುಸು'ವನ್ನು ಅವನು ಮೊದಲೇ ನೋಡಿದ್ದ. ಅದರಲ್ಲಿ ಎನ್. ಟಿ. ರಾಮರಾವ್ ರಾಯ, ಗುಮ್ಮಡಿ ತಿಮ್ಮರಸು. ಕನ್ನಡದಲ್ಲಿ ತಿಮ್ಮರಸುವಾಗಿ ನಟಿಸಿದವರು ಸ್ವತಃ ಪಂತುಲು. "ಗುಮ್ಮಡಿ ಮುಂದ ಯಾರೂ ಇಲ್ಲ" ಎಂದು ಅಪ್ಪ, "ನೀ ಸುಮ್ನಿರು, ಪಂತುಲು ಮಾಡಿದ್ದು ನೋಡಿದಿಲ್ಲೇನು" ಎಂದು ದೊಡ್ಡಪ್ಪ. ಆ ವಾದ ಅವರಿಬ್ಬರೂ ಇರುವತನಕ ತೀರ್ಮಾನವಾಗಲಿಲ್ಲ. ಅವ್ವನಿಗೆ ಮಾತ್ರ ನಟರ ಗೊಡವೆಯಿರಲಿಲ್ಲ. ಅಪ್ಪಾಜಿ ಎಂದು ಕರೆಸಿಕೊಂಡ ಆ ಮುದುಕನ ಕಣ್ಣು ಕೀಳಿಸಿದರೆಂದು ಒಂದು ವಾರ ರಾಯನನ್ನು ಶಪಿಸುತ್ತಲೇ ಇದ್ದಳು.

ಅಂದರೆ, ಹೇಳಿದ ಕಥೆಯನ್ನೇ ಮತ್ತೆ ಹೇಳುವುದು ನಮಗೆ ಅಪರಿಚಿತವೇನಲ್ಲ. 'ಸತ್ಯ ಹರಿಶ್ಚಂದ್ರ'ವನ್ನು ಆರ್. ನಾಗೇಂದ್ರರಾಯರು 1943ರಲ್ಲಿಯೇ ಕನ್ನಡದಲ್ಲಿ ತೆಗೆದಿದ್ದರು. ನಾವು ಮೂಲವೆಂದು ಪೂಜಿಸುವ ರಾಜ್‌ಕುಮಾರ್ ಅವರ ಹರಿಶ್ಚಂದ್ರ ಬಂದದ್ದು 1965ರಲ್ಲಿ. ಅದಕ್ಕೆ 2008ರಲ್ಲಿ ಬಣ್ಣ ತುಂಬಿ ಮತ್ತೊಮ್ಮೆ ಬಿಡುಗಡೆ ಮಾಡಿದರು. (ನನಗೆ ಕಪ್ಪು ಬಿಳುಪಿನ ಸ್ಮಶಾನವೇ ಇಷ್ಟ.) ಹನ್ನೊಂದು ಆಸ್ಕರ್ ಪಡೆದ 1959ರ 'ಬೆನ್‌ಹರ್' ಕೂಡ 1925ರ ಮೂಕಿ ಚಿತ್ರದ ಮರುಹುಟ್ಟು, 2016ರಲ್ಲಿ ಅದನ್ನೇ ಇನ್ನೊಮ್ಮೆ ತೆಗೆದಾಗ ಜನ ಕಣ್ಣೆತ್ತಿಯೂ ನೋಡಲಿಲ್ಲ. ಆದ್ದರಿಂದ ನನ್ನ "ಬ್ಯಾಡಪ್ಪಾ" ಎಂಬುದು ಬರಿಯ ಹಳೆಯದರ ವ್ಯಾಮೋಹವಲ್ಲ. ಹಳೆಯ ಚಿತ್ರದ ಯುದ್ಧವನ್ನು ನೋಡಿ ನನ್ನ ಮೊಮ್ಮಗ, "ತಾತಾ, ಕತ್ತಿ ರಟ್ಟಿಂದು ಇದ್ದಂಗ ಅದ" ಎಂದು ನಕ್ಕದ್ದೂ ಉಂಟು. ಅವನ ಮಾತು ಸುಳ್ಳೆಂದು ಹೇಳಲಾರೆ.

ನನ್ನ ಅಳುಕಿನ ಬೇರು ತರಗತಿಯಲ್ಲಿದೆ. ಆ ಚಿತ್ರವೇ ನನ್ನ ಪಾಠದ ಟಿಪ್ಪಣಿಯಾಗಿದ್ದ ಕಾಲವೊಂದಿತ್ತು. ಒಂಬತ್ತನೆಯ ತರಗತಿಯಲ್ಲಿ ವಿಜಯನಗರದ ಪಾಠ ಬಂತೆಂದರೆ ನಾನು ಎದೆಯುಬ್ಬಿಸಿ, ದನಿಯೇರಿಸಿ, ಅಡ್ಡಕೋಲನ್ನೇ ಖಡ್ಗವಾಗಿಸಿ ರಾಯಚೂರು ಯುದ್ಧವನ್ನು ಅಭಿನಯಿಸುತ್ತಿದ್ದೆ. ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. 1994ರ ಒಂದು ಮಧ್ಯಾಹ್ನ, ಚಪ್ಪಾಳೆ ನಿಂತ ಮೇಲೆ, ಹಿಂದಿನ ಬೆಂಚಿನಲ್ಲಿದ್ದ ಟಾಂಗಾ ಓಡಿಸುವವರ ಮಗ ಎದ್ದು ನಿಂತ. "ಸರ್, ಅವಾಗ ನಾವು ಯಾರ ಕಡಿ ಇದ್ವಿರಿ?"

ಯಾವ "ನಾವು" ಎಂಬುದು ನನಗೂ ತಿಳಿದಿತ್ತು, ತರಗತಿಗೂ ತಿಳಿದಿತ್ತು. ಕೆಲವರು ಕಿಸಕ್ಕನೆ ನಕ್ಕರು. ನಾನು "ಕೂಡು, ಕೂಡು" ಎಂದು ಹೇಳಿ ಮುಂದಿನ ಪುಟ ತಿರುವಿದೆ. ಅವನು ಕುಳಿತ. ಆ ವರ್ಷ ಮತ್ತೆ ಅವನು ಪ್ರಶ್ನೆ ಕೇಳಲಿಲ್ಲ.

ಬಹಳ ತಡವಾಗಿ, ರಾಬರ್ಟ್ ಸಿವೆಲ್ 1900ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜ್‌ನ ವೃತ್ತಾಂತವನ್ನು ಓದಿದೆ. ಅವನು ಬರೆದದ್ದು ಯುದ್ಧವಾದ ಸುಮಾರು ಹದಿನೈದು ವರ್ಷಗಳ ನಂತರ. ರಾಯನ ಏಳು ಲಕ್ಷಕ್ಕೂ ಮಿಕ್ಕ ಕಾಲಾಳುಗಳೆಂದು ಅವನು ಕೊಡುವ ಲೆಕ್ಕವನ್ನು ಹಾಗೆಯೇ ನಂಬಬೇಕಿಲ್ಲ. ಆದರೆ ಅವನ ಬರಹದಲ್ಲಿ, ನಾನು ಅಡ್ಡಕೋಲು ಬೀಸುತ್ತ ಎಂದೂ ಹೇಳದ ಸಂಗತಿಗಳಿದ್ದವು. 1520ರ ಮೇ ತಿಂಗಳು. ಕೃಷ್ಣೆಯನ್ನು ದಾಟಿ ಬಂದ ಇಸ್ಮಾಯಿಲ್ ಆದಿಲ್ ಶಾಹನ ಫಿರಂಗಿಗಳ ಎದುರು ರಾಯನ ಮುಂಚೂಣಿ ಮೊದಲು ಕುಸಿಯಿತು. ರಾಯ ತಾನೇ ಮುನ್ನುಗ್ಗಿ ಸೈನ್ಯವನ್ನು ತಿರುಗಿಸಿದ. ಸೋತವರು ಓಡಿ ಹೊಳೆಗೆ ಬಿದ್ದರು. ನೀರಿನಲ್ಲಿ ಸಾಯುತ್ತಿದ್ದವರನ್ನು ಕಂಡು ರಾಯ ಮರುಗಿ, ತಪ್ಪಿಲ್ಲದವರು ಸಾಯುವುದು ಸಾಕೆಂದು ತನ್ನವರನ್ನು ಹಿಂದಕ್ಕೆ ಕರೆಸಿಕೊಂಡನಂತೆ. ತನ್ನ ಕಡೆಯ ಹದಿನಾರು ಸಾವಿರಕ್ಕೂ ಹೆಚ್ಚು ಶವಗಳನ್ನು ದಹನ ಮಾಡಿಸಿದನಂತೆ. ಆಮೇಲೆ ಕೋಟೆಯ ಮುತ್ತಿಗೆ. ಪೋರ್ಚುಗೀಸ್ ಬಂದೂಕುಗಾರರು ಗೋಡೆಯ ಮೇಲಿನವರನ್ನು ಗುರಿಯಿಟ್ಟು ಹೊಡೆದರು, ಕೋಟೆಯ ಅಧಿಕಾರಿ ಸತ್ತ, ಊರವರು ಶರಣಾದರು. ರಾಯ ಅವರನ್ನು ಆದರಿಸಿ, ಅವರ ಸ್ವತ್ತನ್ನು ಮುಟ್ಟಕೂಡದೆಂದು ಆಜ್ಞಾಪಿಸಿದ. ರಾಯನ ಸೈನ್ಯದಲ್ಲಿ ಮುಸಲ್ಮಾನರ ಪಡೆಯೂ ಇದ್ದಿತೆಂಬುದನ್ನು ಡೊಮಿಂಗೊ ಪಾಯಸ್ ತನ್ನ ಕಣ್ಣಿನಿಂದ ಕಂಡು ಬರೆದಿದ್ದಾನೆ.

ತಿಮ್ಮರಸುವಿನ ಕಣ್ಣು ಕೀಳಿಸಿದ ಕಥೆಯೂ ಈ ನ್ಯೂನಿಜ್‌ನದೇ. ಅದನ್ನು ಪಂತುಲು ಅವರ ಮುಖದ ಮೇಲೆ ನೋಡಿದ ನಾನು, ಎದುರಿಗೆ ನಿಂತು ಕಂಡವನಂತೆ ಎಷ್ಟೋ ವರ್ಷ ಪಾಠ ಮಾಡಿದೆ. ಒಳ್ಳೆಯ ಚಿತ್ರಕ್ಕೆ ಇರುವ ಬಲ ಅಂಥದು. ರಟ್ಟಿನ ಕತ್ತಿಯೇ ಅಷ್ಟು ನಾಟಬಹುದಾದರೆ ಇಂದಿನ ಗ್ರಾಫಿಕ್ಸ್ ಕತ್ತಿ ಎಷ್ಟು ಆಳಕ್ಕೆ ಇಳಿದೀತು? ಇಂದು ಇದೇ ಕಥೆಗೆ ನೂರಾರು ಕೋಟಿ ಸುರಿಯುವವರು ಆ ಹಣ ಹಿಂದಿರುಗಬೇಕೆಂದರೆ ಒಬ್ಬ ಘೋರ ಶತ್ರುವನ್ನು ನಿಲ್ಲಿಸಲೇಬೇಕು. ಅವನಿಗೆ ಯಾವ ವೇಷ ತೊಡಿಸುತ್ತಾರೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಆ ವೇಳೆಗೆ ಹಿಂದಿನ ಬೆಂಚಿನ ಹುಡುಗ ಎದ್ದು ನಿಂತು ಕೇಳುವ ಧೈರ್ಯವನ್ನೂ ಮಾಡಲಾರ.

ಪಂತುಲು ಅವರ ಚಿತ್ರವನ್ನು ಹಾಗೆಯೇ ಬಿಡಿ. ಪ್ರತಿಯನ್ನು ಶುಚಿಗೊಳಿಸಿ ದೊಡ್ಡ ತೆರೆಯ ಮೇಲೆ ತೋರಿಸಿದರೆ ಮೊಮ್ಮಗನನ್ನು ನಾನೇ ಕರೆದೊಯ್ಯುವೆ. ಹಣವಿದ್ದವರು ಬೇರೆಯದೇ ಚಿತ್ರ ಮಾಡಲಿ, ರಾಯಚೂರಿನ ಗೋಡೆಯ ಒಳಗಿನಿಂದ. 1294ರಲ್ಲಿ ಕಾಕತೀಯರ ಕಾಲದಲ್ಲಿ ಕಟ್ಟಿದ ಕೋಟೆ ಅದು. ಶಾಸನವಿರುವ ಒಂದೇ ಕಲ್ಲು ನಲವತ್ತೊಂದು ಅಡಿಗೂ ಉದ್ದ; ಅಂಥ ಕಲ್ಲನ್ನು ಗಾಡಿಯ ಮೇಲೆ ಹೇರಿ ಕೋಣಗಳಿಂದ ಎಳೆಸುವ ಚಿತ್ರವನ್ನೂ ಅಲ್ಲಿಯೇ ಕೊರೆದಿದ್ದಾರೆ. ಆ ಗೋಡೆಯ ಹಿಂದೆ ಮೂರು ತಿಂಗಳು ಅಡಗಿ, ಜೋಳದ ಲೆಕ್ಕ ಹಾಕುತ್ತ ಕುಳಿತ ಒಂದು ಮನೆಯ ಕಥೆ ಸಾಕು. ರಾಯ ಕೊನೆಯ ದೃಶ್ಯದಲ್ಲಿ ಬಂದರಾಯಿತು.

ಇದನ್ನು ಬರೆಯುವಾಗಲೇ ಆ ಹುಡುಗನ ಪ್ರಶ್ನೆಗೆ ಉತ್ತರ ಹೊಳೆಯಿತು. 1520ರಲ್ಲಿ ರಾಯಚೂರು ಬಿಜಾಪುರದ ಕೈಯಲ್ಲಿತ್ತು. ನಮ್ಮ ಹಿರಿಯರು ಆಗ ಇಲ್ಲಿಯೇ ಇದ್ದಿದ್ದರೆ, ಅವನವರೂ ನನ್ನವರೂ ಮುತ್ತಿಗೆಗೆ ಒಳಗಾದ ಕಡೆಯಲ್ಲಿಯೇ ಇದ್ದಿರಬೇಕು. ಅಡ್ಡಕೋಲು ಹಿಡಿದು ನಾನು ಅಷ್ಟು ವರ್ಷ ಬೀಸಿದ್ದು ನಮ್ಮ ಗೋಡೆಯ ಮೇಲೆಯೇ!

1995ರಲ್ಲಿ ಹತ್ತನೆಯ ತರಗತಿ ಮುಗಿಸಿದ ಬ್ಯಾಚಿನವರು ಯಾರಾದರೂ ಇದನ್ನು ಓದುತ್ತಿದ್ದರೆ, ಅವನು ಈಗ ಎಲ್ಲಿದ್ದಾನೆಂದು ವಿಚಾರಿಸಿ ನನಗೊಂದು ಫೋನ್ ಮಾಡಿ. ಹೈದರಾಬಾದಿನಲ್ಲಿ ಗ್ಯಾರೇಜು ಇಟ್ಟಿದ್ದಾನೆಂದು ಯಾರೋ ಹೇಳಿದ ನೆನಪು.