ಗುರುಮನೆಯ ಒಲೆ ಮುಂದೆ

ಹೇಮಾವತಿ ಉಕ್ಕಿ ತುಂಬಿದ್ದ ಮಳೆಗಾಲ ಅದು. ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯ ಹಳೆಯ ಚರ್ಚನ್ನು ನೋಡಲು ಹೋಗಿದ್ದೆ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ ಜಪಮಾಲೆ ಮಾತೆಯ ದೇವಾಲಯವದು. 1979ರಲ್ಲಿ ಗೊರೂರಿನ ಅಣೆಕಟ್ಟು ಮುಗಿದ ಮೇಲೆ ಅದು ಹಿನ್ನೀರಿನ ಪಾಲಾಯಿತು. ಮಳೆಗಾಲದಲ್ಲಿ ಮುಳುಗುತ್ತ, ಬೇಸಿಗೆಯಲ್ಲಿ ಮತ್ತೆ ಏಳುತ್ತ ಗೋಡೆಗಳು ಮಾತ್ರ ಉಳಿದವು. ಕಣ್ತುಂಬ ನೋಡಿ ಹಿಂದಿರುಗುವ ಹೊತ್ತಿಗೆ ರಸ್ತೆಗೆ ಮರ ಬಿದ್ದು ಬಸ್ಸು ನಿಂತಿತ್ತು. ಬೀಡಾ ಅಂಗಡಿಯವನು, "ಇವತ್ತಿನ್ನು ಬಸ್ ಬರಲ್ಲ ಸಾರ್. ಮುಂದೆ ಕ್ರಿಸ್ತರ ಊರಿದೆ, ಸ್ವಾಮಿಗಳ ಹತ್ರ ಹೋಗಿ, ಜಾಗ ಕೊಡ್ತಾರೆ" ಎಂದ.

ಬಿಳಿ ನಿಲುವಂಗಿ ತೊಟ್ಟು ಅಳೆದು ತೂಗಿ ಮಾತಾಡುವ ಗಂಭೀರ ವ್ಯಕ್ತಿಯೊಬ್ಬರನ್ನು ಮನಸ್ಸಿನಲ್ಲಿಟ್ಟುಕೊಂಡು, ಆ ಊರಿನ ಪಾದ್ರಿಗಳಿರುವ ಗುರುಮನೆಗೆ ಹೋದೆ. ಹಿತ್ತಲಲ್ಲಿ ಲುಂಗಿ ಎತ್ತಿ ಕಟ್ಟಿದ ಒಬ್ಬರು ಕೊಟ್ಟಿಗೆಗೆ ನುಗ್ಗುತ್ತಿದ್ದ ನೀರನ್ನು ಸಲಿಕೆಯಲ್ಲಿ ಬೇರೆ ಕಡೆ ತಿರುಗಿಸುತ್ತಿದ್ದರು. ಹುಲ್ಲಿನ ಹೊರೆ ಹೊತ್ತು ಹೋಗುತ್ತಿದ್ದ ಹುಡುಗ "ಸ್ತೋತ್ರ ಸ್ವಾಮಿ" ಎಂದಾಗ ಅವರು ಕೆಸರುಗೈಯನ್ನೇ ಎತ್ತಿ ಹರಸಿದರು. ನನ್ನನ್ನು ಕಂಡವರೇ, "ಅಲ್ಯಾಕೆ ನೆನೀತಾ ನಿಂತ್ರಿ? ಒಳಗೆ ಬನ್ನಿ" ಎಂದು ಕರೆದು ಒಣಗಿದ ಪಂಚೆ, ಟವೆಲ್ ಕೊಟ್ಟರು. ಹೆಸರು ಕೇಳಿದ್ದು ಆಮೇಲೆ. ಜಾತಿ ಧರ್ಮ ಕೇಳಲೇ ಇಲ್ಲ.

ಅಡುಗೆಯಾಕೆ ಮಗಳ ಬಾಣಂತನಕ್ಕೆ ಹೋಗಿದ್ದರಂತೆ. ಒಲೆಗೆ ಸೌದೆ ಒಡ್ಡಿ, ಹುರುಳಿ ಸಾರು ಕುದಿಯಲು ಬಿಟ್ಟು, ಸ್ವಾಮಿಗಳೇ ರಾಗಿ ಹಿಟ್ಟು ತೊಳಸಲು ಕೂತರು. ಕೋಲು ತಿರುಗಿಸುವ ರಭಸದಲ್ಲೇ ಅನುಭವ ಗೊತ್ತಾಗುತ್ತಿತ್ತು. "ಸೆಮಿನರಿಯಲ್ಲಿ ಲ್ಯಾಟಿನ್ ಕಲಿಸಿದ್ರು. ಮುದ್ದೆ ಕಟ್ಟೋದು ನಮ್ಮವ್ವ ಕಲಿಸಿದ್ದು" ಎಂದು ನಕ್ಕರು. ಬಿಸಿ ಮುದ್ದೆ ತಟ್ಟೆಗೆ ಬಿದ್ದ ಮೇಲೆ ಕಣ್ಣು ಮುಚ್ಚಿ, ಎರಡೇ ಮಾತಿನ ಪ್ರಾರ್ಥನೆ ಹೇಳಿ, ಶಿಲುಬೆಯ ಗುರುತು ಹಾಕಿಕೊಂಡರು.

ಊಟವಾದ ಮೇಲೆ ಒಲೆಯ ಮುಂದೆಯೇ ಮಾತಿಗೆ ಕೂತೆವು. ಈ ಸೀಮೆಯಲ್ಲಿ ಇವರಂಥವರು ಹಿಂದೆಯೂ ಇದ್ದರು. 1792ರಲ್ಲಿ ಭಾರತಕ್ಕೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ ಇಲ್ಲಿಯವರಂತೆಯೇ ಉಟ್ಟು, ಇಲ್ಲಿಯವರಂತೆಯೇ ಉಂಡು ಬಾಳಿದರು. ಜನ ಅವರನ್ನು ದೊಡ್ಡ ಸ್ವಾಮಿಗಳೆಂದು ಕರೆದರು. ಹಾಸನದ ಹತ್ತಿರದ ಸಾತಳ್ಳಿಯಲ್ಲಿ ದಿಕ್ಕಿಲ್ಲದವರನ್ನು ಬೇಸಾಯಕ್ಕೆ ನೆಲೆ ನಿಲ್ಲಿಸಿದರು, ಸಿಡುಬಿನ ವಿರುದ್ಧ ಲಸಿಕೆ ಹಾಕಿಸಲು ಊರೂರು ತಿರುಗಿದರು. 1823ರಲ್ಲಿ ಫ್ರಾನ್ಸಿಗೆ ಮರಳಿದರು. ಸ್ವಾಮಿಗಳು ಅವರ ವಿಷಯ ಹೇಳುವಾಗ ಅವರು ಬರೆದ ಪುಸ್ತಕದ ಮಾತಿಗಿಂತ ಲಸಿಕೆಯ ಮಾತನ್ನೇ ಹೆಚ್ಚು ಆಡಿದರು.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಗೊರಗ ಹೊದ್ದ ಮುದುಕರೊಬ್ಬರು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಕಾಗದಗಳನ್ನು ಎದೆಗವಚಿಕೊಂಡು ನಿಂತಿದ್ದರು. ಹಣೆಯಲ್ಲಿ ವಿಭೂತಿ. "ಬನ್ನಿ ಗೌಡ್ರೇ, ಒಲೆ ಹತ್ರ ಕೂತ್ಕೊಳಿ" ಎಂದು ಸ್ವಾಮಿಗಳು ತಮ್ಮ ಮಣೆಯನ್ನೇ ಸರಿಸಿದರು. ಹಿನ್ನೀರಿನಲ್ಲಿ ಮುಳುಗಿದ ಜಮೀನಿಗೆ ಬದಲಿಯಾಗಿ ಸಿಕ್ಕಿದ್ದ ಭೂಮಿ. ಪಹಣಿಯಲ್ಲೊಂದು ಸರ್ವೆ ನಂಬರು, ಹಕ್ಕುಪತ್ರದಲ್ಲಿ ಇನ್ನೊಂದು. ಅಪ್ಪನ ಕಾಲದಿಂದ ಅಲೆದಾಟ. ಸ್ವಾಮಿಗಳು ಕನ್ನಡಕ ಏರಿಸಿ ಒಂದೊಂದು ಕಾಗದವನ್ನೂ ಬೆರಳಿಟ್ಟು ಓದಿದರು, ಅಕ್ಕಪಕ್ಕದ ಹೊಲ ಯಾರದೆಂದು ಕೇಳಿದರು, ಮುರಿದ ಬದುವಿನ ಬಗ್ಗೆ ವಿಚಾರಿಸಿದರು. ಆಮೇಲೆ ತಹಸೀಲ್ದಾರರಿಗೆ ಅರ್ಜಿ ಬರೆದು, ಜೋರಾಗಿ ಓದಿ ಹೇಳಿ, ಗೌಡರ ರುಜು ಹಾಕಿಸಿಕೊಂಡರು. "ಬೆಳಿಗ್ಗೆ ನಾನೂ ಬರ್ತೀನಿ" ಎಂದರು.

ಗೌಡರು ಹೋದ ಮೇಲೆ ಸ್ವಾಮಿಗಳು ಬೇಸರವಿಲ್ಲದ ದನಿಯಲ್ಲಿ ಹೇಳಿದರು: "ಮುಳುಗಿದ ಚರ್ಚು ನೋಡೋಕೆ ಎಲ್ಲೆಲ್ಲಿಂದಲೋ ಬರ್ತಾರೆ. ಬರಲಿ, ಸಂತೋಷ. ಆದ್ರೆ ಚರ್ಚಿನ ಸುತ್ತ ಹೊಲ ಇತ್ತಲ್ಲ, ಅದನ್ನ ಉಳ್ತಿದ್ದವರು ಈಗೆಲ್ಲಿದಾರೆ ಅಂತ ಕೇಳೋರು ಕಮ್ಮಿ." ಮಧ್ಯಾಹ್ನವೆಲ್ಲ ನಾನು ನೋಡಿದ್ದು ಗೋಪುರ, ಕಮಾನು, ನೀರಿನಲ್ಲಿ ಅದರ ನೆರಳು. ಅವರಿಗೆ ಆ ನೀರಿನಡಿಯ ಬದುಗಳೂ ಬಾಯಿಪಾಠ. ಸಂನ್ಯಾಸವೆಂದರೆ ಲೋಕದಿಂದ ದೂರ ಸರಿಯುವುದೆಂದು ತಿಳಿದಿದ್ದ ನನಗೆ ಬೇರೆಯೇ ಒಂದು ಸಂನ್ಯಾಸ ಕಂಡಿತು. ಸ್ವಂತ ಹೆಂಡತಿ ಮಕ್ಕಳಿಲ್ಲದ, ಸ್ವಂತಕ್ಕೊಂದು ಗುಂಟೆ ನೆಲವಿಲ್ಲದ ಮನುಷ್ಯ ಊರಿನವರ ಗುಂಟೆ ಗುಂಟೆಯನ್ನೂ ತನ್ನದೆಂಬಂತೆ ಕಾಯುತ್ತಿದ್ದರು.

ಬೆಳಿಗ್ಗೆ ಚರ್ಚಿನ ಉಪದೇಶಿಗೆ ಜ್ವರವೆಂದು ಗಂಟೆಯನ್ನೂ ತಾವೇ ಬಾರಿಸಿದರು. ಬಲಿಪೂಜೆಗೆ ಬಂದ ಕೆಲವೇ ಜನರ ಹಿಂದೆ ನಾನೂ ಕೂತೆ. ನಿನ್ನೆ ಸಲಿಕೆ ಹಿಡಿದಿದ್ದವರು ಅಷ್ಟೇ ಶ್ರದ್ಧೆಯಿಂದ, ಅವಸರವಿಲ್ಲದೆ, ಪೂಜೆ ಸಲ್ಲಿಸಿದರು. ಅದು ಮುಗಿದ ಮೇಲೆ ಗೌಡರು, ಅವರು, ನಾನು ಒಂದೇ ಬಸ್ಸು ಹತ್ತಿದೆವು. ಕಂಡಕ್ಟರಿಗೆ ನನ್ನ ಟಿಕೆಟ್ಟಿನ ದುಡ್ಡನ್ನೂ ಅವರೇ ಕೊಟ್ಟರು. ತಾಲೂಕು ಕಚೇರಿಯಲ್ಲಿ ಇಳಿದು, ಗೌಡರ ಹಿಂದೆ ಸಾಲಿನಲ್ಲಿ ನಿಂತರು.

ಶೆಟ್ಟಿಹಳ್ಳಿಯ ಚರ್ಚಿಗೆ ದಾರಿ ಕೇಳುವವರು ಈಗಲೂ ಸಿಗುತ್ತಾರೆ. ದಾರಿ ಹೇಳುತ್ತೇನೆ, ಜೊತೆಗೆ, ಸುತ್ತಲಿನ ಯಾವುದಾದರೂ ಊರಿನಲ್ಲಿ ಒಂದು ಗಳಿಗೆ ಕೂತು, ಹಿರಿಯರೊಬ್ಬರನ್ನು ಅವರ ಹಳೆಯ ಹೊಲದ ಬಗ್ಗೆ ಕೇಳಿ ಬನ್ನಿ ಎಂದೂ ಹೇಳುತ್ತೇನೆ.